ಗೆಳೆಯರ ಜತೆ ಮೊದಲ ಸಲ ಹಂಪಿ ಉತ್ಸವಕ್ಕೆ: ಮನೆಯ ಗ್ರೂಪಿಗೆ ಬಂದ ಎಂಟು ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಯಲಬುರ್ಗಾದಲ್ಲಿರುವ ನಮ್ಮ ಕಾಕಾನ ಮಗನಿಗೆ ಈಗ 17 ವರ್ಷ. ಪಿಯುಸಿ ಮೊದಲ ವರ್ಷ. ನಾಲ್ವರು ಗೆಳೆಯರ ಜತೆ ಹಂಪಿ ಉತ್ಸವಕ್ಕೆ ಹೋಗಿ ಎರಡು ರಾತ್ರಿ ಅಲ್ಲೇ ಇದ್ದು ಬರುತ್ತೇನೆಂದು ಮನೆಯಲ್ಲಿ ಕೇಳಿದ. ದೊಡ್ಡವರು ಯಾರೂ ಜತೆಗಿಲ್ಲದ ಮೊದಲ ಪ್ರಯಾಣ ಇದು. ಅವನು ಕೇಳಿದ ದಿನ ಸಂಜೆಯಿಂದಲೇ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಫಾರ್ವರ್ಡ್‌ಗಳು ಶುರುವಾದವು. ಒಬ್ಬರು ಮಕ್ಕಳ ಕಳ್ಳರ ವಿಡಿಯೊ ಹಾಕಿದರು, ಇನ್ನೊಬ್ಬರು ಕಾಲ್ತುಳಿತದ ಫೋಟೊ ಹಾಕಿದರು. ಹಾವು ಬರದಂತೆ ಬೆಳ್ಳುಳ್ಳಿ ಇಡಬೇಕು ಅನ್ನುವ ಧ್ವನಿ ಸಂದೇಶವೂ ಬಂತು.

ರಾತ್ರಿ ಚಿಗವ್ವ ಫೋನ್ ಮಾಡಿದರು. "ನೀನs ಇಂಥಾವ್ನೆಲ್ಲಾ ಓದಿ ಹೇಳಾಕಿ ಅಲ್ಲೇನ್ವಾ, ಇದ್ರಾಗ ಯಾವ್ದು ಖರೆ, ಯಾವ್ದು ಸುಳ್ಳು ಹೇಳು. ಕಳಿಸ್ಲೋ ಬ್ಯಾಡೋ?"

ಸಂದೇಶಗಳು ಜನರ ನಡುವೆ ಹೇಗೆ ಹರಡುತ್ತವೆ ಎಂಬುದು ನನ್ನ ಓದಿನ ವಿಷಯ. ಹಾಗಾಗಿ ಗ್ರೂಪಿಗೆ ಬಂದ ಎಂಟು ಫಾರ್ವರ್ಡ್‌ಗಳನ್ನೂ ಒಂದೊಂದಾಗಿ ಕೂತು ನೋಡಿದೆ. ಕೊನೆಗೆ ಒಂದು ವಿಷಯ ಎದ್ದು ಕಂಡಿತು: ನಮ್ಮ ಗ್ರೂಪು ಭಯಪಟ್ಟಿದ್ದೆಲ್ಲ ಅಪರೂಪದ ಅಪಾಯಗಳಿಗೆ. ನಿಜಕ್ಕೂ ಹೆಚ್ಚು ಜೀವ ತೆಗೆಯುವ ಅಪಾಯ ಆ ಎಂಟರಲ್ಲಿ ಒಂದರಲ್ಲೂ ಇರಲಿಲ್ಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಜಾಗದ ಬಗ್ಗೆ ಎರಡು ಮಾತು. ಹಂಪಿ ಉತ್ಸವ ರಾಜ್ಯ ಸರ್ಕಾರ ನಡೆಸುವ ಹಬ್ಬ. 2024ರಲ್ಲಿ ಫೆಬ್ರುವರಿ 2ರಿಂದ 4ರವರೆಗೆ, 2025ರಲ್ಲಿ ಫೆಬ್ರುವರಿ 28ರಿಂದ ಮಾರ್ಚ್ 2ರವರೆಗೆ ನಡೆಯಿತು. ಹಲವು ವೇದಿಕೆಗಳಲ್ಲಿ ಹಾಡು, ಕುಣಿತ, ವಾದ್ಯ ರಾತ್ರಿ ಬಹಳ ಹೊತ್ತು ನಡೆಯುತ್ತವೆ. ವಿದೇಶದ ಸಂಗೀತ ಹಬ್ಬಗಳಂತೆ ಇಲ್ಲಿ ಎಲ್ಲರೂ ಒಂದೇ ಬಯಲಿನಲ್ಲಿ ಟೆಂಟ್ ಹಾಕಿ ಉಳಿಯುವ ಪದ್ಧತಿ ಇಲ್ಲ. ಕೆಲವರು ಹೊಸಪೇಟೆಯ ಲಾಡ್ಜಿನಲ್ಲಿ ಉಳಿಯುತ್ತಾರೆ, ಕೆಲವರು ಆನೆಗೊಂದಿ, ಸಾಣಾಪುರ ಕಡೆಯ ಹೋಂಸ್ಟೇ ಟೆಂಟುಗಳಲ್ಲಿ, ಇನ್ನು ಕೆಲವರು ಚಾಪೆ, ಚಾದರ ಹಿಡಿದು ಬಂದು ಬಯಲಲ್ಲೇ ಮಲಗುತ್ತಾರೆ. ಒಂದು ನೆನಪಿಡಿ: ಸಂರಕ್ಷಿತ ಸ್ಮಾರಕಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿರುತ್ತವೆ. ಮಂಟಪದಲ್ಲಿ ಮಲಗಿದರಾಯಿತು ಅನ್ನುವ ಲೆಕ್ಕ ನಡೆಯುವುದಿಲ್ಲ. ಕೆಳಗೆ ಹೇಳಿರುವುದು ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ, ಕೊಪ್ಪಳದ ಗವಿಮಠದ ಜಾತ್ರೆಗೂ ಅನ್ವಯಿಸುತ್ತದೆ.

ಫಾರ್ವರ್ಡ್ 1: "ಮಕ್ಕಳ ಕಳ್ಳರ ಗ್ಯಾಂಗ್ ಉತ್ಸವಕ್ಕೆ ಬಂದಿಳಿದಿದೆ, ಎಲ್ಲರಿಗೂ ಕಳಿಸಿ"

ಇಂಥ ಸಂದೇಶದಲ್ಲಿ ಊರಿನ ಹೆಸರು ಮಾತ್ರ ಬದಲಾಗುತ್ತದೆ, ಉಳಿದದ್ದೆಲ್ಲ ಹಳೆಯದೇ. ದಿನಾಂಕ ಇರುವುದಿಲ್ಲ, ಠಾಣೆಯ ಹೆಸರು ಇರುವುದಿಲ್ಲ, ಯಾವ ಪ್ರಕರಣ ಎಂಬುದೂ ಇರುವುದಿಲ್ಲ. ವಿಡಿಯೊ ಬೇರೆ ರಾಜ್ಯದ್ದೋ ಬೇರೆ ದೇಶದ್ದೋ ಆಗಿರುತ್ತದೆ.

ಇದನ್ನು "ಇರ್ಲಿ, ಹುಷಾರಿಗೆ ಒಂದು" ಎಂದು ಮುಂದೆ ಕಳಿಸುವವರು ಬೀದರ್ ಜಿಲ್ಲೆಯ ಮುರ್ಕಿಯನ್ನು ನೆನೆಯಬೇಕು. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡವೊಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಗುಂಪು ಸೇರಿ ಹೊಡೆದು ಒಬ್ಬ ಯುವಕನನ್ನು ಕೊಂದಿತು. ನಮ್ಮ ಕಲ್ಯಾಣ ಕರ್ನಾಟಕದಲ್ಲೇ ನಡೆದದ್ದು ಇದು. ಬೇರೆ ಊರಿನಲ್ಲಿ ಗೊತ್ತುಗುರಿ ಇಲ್ಲದೆ ಓಡಾಡುವ ಐವರು ಹುಡುಗರೂ ಯಾರದೋ ಕಣ್ಣಿಗೆ ಅಪರಿಚಿತರೇ. ನಾವು ಕಳಿಸುವ ಸುಳ್ಳು ನಮ್ಮ ಮಕ್ಕಳ ಮೇಲೇ ತಿರುಗಬಹುದು.

ತೀರ್ಪು: ಸುಳ್ಳು. ನಿಜವಾದ ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ. ಗ್ರೂಪಿಗೆ ಹಾಕಬೇಡಿ.

ಫಾರ್ವರ್ಡ್ 2: "ಜನ ಓಡಿದಾಗ ಮಾತ್ರ ಕಾಲ್ತುಳಿತ ಆಗುತ್ತೆ, ಓಡದೆ ಗಟ್ಟಿಯಾಗಿ ನಿಂತರೆ ಸಾಕು"

'ಕಾಲ್ತುಳಿತ' ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಜನಸಂದಣಿಯ ದುರಂತಗಳಲ್ಲಿ ಬಹಳ ಮಂದಿ ಸಾಯುವುದು ತುಳಿತದಿಂದಲ್ಲ, ಒತ್ತಡದಿಂದ. ನಾವು ಉಸಿರೆಳೆಯುವಾಗ ಎದೆಗೂಡು ಹಿಗ್ಗಬೇಕು. ನಾಲ್ಕೂ ಕಡೆಯಿಂದ ಮೈಗಳು ಒತ್ತಿದರೆ ಅದು ಹಿಗ್ಗುವುದಿಲ್ಲ. ನಿಂತಲ್ಲೇ ಉಸಿರು ಕಟ್ಟುತ್ತದೆ.

ಒಂದು ಚದರ ಮೀಟರ್ ಜಾಗವೆಂದರೆ ಸುಮಾರು ಒಂದು ಚಿಕ್ಕ ಊಟದ ಮೇಜಿನಷ್ಟು. ಅಷ್ಟರಲ್ಲಿ ನಾಲ್ವರು ನಿಂತರೆ ಇಕ್ಕಟ್ಟು ಅನ್ನಿಸಿದರೂ ಓಡಾಡಬಹುದು. ಐವರನ್ನು ದಾಟಿದರೆ ಅಪಾಯ ಶುರು. ಆರೇಳು ಮಂದಿಯಾದರೆ ಜನ ನೀರಿನಂತೆ ಅಲೆಅಲೆಯಾಗಿ ತೂಗುತ್ತಾರೆ, ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಆಗ ಗಟ್ಟಿಯಾಗಿ ನಿಲ್ಲುವುದು ಯಾರ ಕೈಯಲ್ಲೂ ಇರುವುದಿಲ್ಲ.

ಇದು ದೂರದ ಕತೆಯಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವಕ್ಕೆ ಬಂದಿದ್ದ 11 ಮಂದಿ ಸತ್ತರು. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯವೊಂದರ ಸಂಗೀತ ಕಾರ್ಯಕ್ರಮದಲ್ಲಿ ನಾಲ್ವರು ಪ್ರಾಣ ಬಿಟ್ಟರು. 2022ರ ಅಕ್ಟೋಬರ್ 29ರಂದು ಸೋಲ್ ನಗರದ ಇಟೇವಾನ್ ಓಣಿಯಲ್ಲಿ 159 ಮಂದಿ. ಮೂರರಲ್ಲೂ ಹೆಚ್ಚಿನವರು ಹುಡುಗರು, ಹುಡುಗಿಯರು. ಮೂರರಲ್ಲೂ ಜಾಗ ಒಂದೇ ಬಗೆಯದು: ಗೇಟು, ಮೆಟ್ಟಿಲು, ಇಕ್ಕಟ್ಟಾದ ಓಣಿ.

ನಿಮ್ಮ ಮಗನಿಗೋ ಮಗಳಿಗೋ ಹೇಳಬೇಕಾದದ್ದು ಇಷ್ಟು. ವೇದಿಕೆಯ ಮುಂದಿನ ಬೇಲಿಯ ಹತ್ತಿರ, ಗೇಟಿನ ಹತ್ತಿರ ನಿಲ್ಲಬೇಡ. ಬದಿಯಲ್ಲಿ ನಿಂತು ನೋಡು. ಒಳಗೆ ಹೋದ ಕೂಡಲೇ ಹೊರಗೆ ಹೋಗುವ ಎರಡು ದಾರಿ ನೋಡಿಕೋ. ನಿನ್ನ ಮೈ ಮುಂದೆ, ಹಿಂದೆ, ಎರಡೂ ಬದಿಗೆ ಬೇರೆಯವರಿಗೆ ತಾಗುತ್ತಿದೆ ಅನ್ನಿಸಿದ ಕ್ಷಣವೇ ಹೊರಗೆ ಬಾ, ಹಾಡು ಮುಗಿಯಲಿ ಎಂದು ಕಾಯಬೇಡ. ಸಿಕ್ಕಿಕೊಂಡರೆ ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿ, ಉಸಿರಿಗೆ ಜಾಗ ಉಳಿಯುತ್ತದೆ. ಅಲೆಯ ಎದುರು ನೂಕಬೇಡ. ಅಲೆ ನಿಂತಾಗ ಓರೆಯಾಗಿ ಅಂಚಿನತ್ತ ಒಂದೊಂದೇ ಹೆಜ್ಜೆ ಇಡು. ಫೋನ್ ಬಿದ್ದರೆ ಬಗ್ಗಬೇಡ.

ತೀರ್ಪು: ಅರ್ಧ ಸತ್ಯ, ಅಪಾಯಕಾರಿ ಅರ್ಧ.

ಫಾರ್ವರ್ಡ್ 3: "ಬ್ಯಾಟರಿ ಮುಗಿದರೆ *3370# ಒತ್ತಿ, ಟವರ್ ಇಲ್ಲದಿದ್ದರೂ 112 ಹೋಗುತ್ತೆ"

*3370# ಕತೆ ಸ್ಮಾರ್ಟ್‌ಫೋನ್ ಬರುವ ಮೊದಲಿನದು. ಹಳೆಯ ನೋಕಿಯಾ ಫೋನುಗಳಲ್ಲಿ ಇದು ಮಾತಿನ ಧ್ವನಿಯನ್ನು ಸ್ಪಷ್ಟಗೊಳಿಸುವ ಕೋಡ್ ಆಗಿತ್ತು. ಅದನ್ನು ಒತ್ತಿದರೆ ಬ್ಯಾಟರಿ ಉಳಿಯುತ್ತಿರಲಿಲ್ಲ, ತುಸು ಬೇಗನೇ ಖಾಲಿಯಾಗುತ್ತಿತ್ತು. ಅಡಗಿಸಿಟ್ಟ ಬ್ಯಾಟರಿ ಎಂಬುದು ಯಾವ ಫೋನಿನಲ್ಲೂ ಇಲ್ಲ.

112ರ ಮಾತು ಅರ್ಧ ನಿಜ. ನಿಮ್ಮ ಸಿಮ್ಮಿನ ನೆಟ್‌ವರ್ಕ್ ಇಲ್ಲದ ಕಡೆ ಬೇರೆ ಕಂಪನಿಯ ಟವರ್ ಸಿಕ್ಕರೆ ತುರ್ತು ಕರೆ ಅದರ ಮೂಲಕ ಹೋಗಬಹುದು. ಯಾವ ಟವರೂ ಸಿಗದ ಬಂಡೆಗಳ ನಡುವೆ ಅದೂ ಹೋಗುವುದಿಲ್ಲ.

ಉತ್ಸವದಲ್ಲಿ ಇನ್ನೊಂದು ತೊಂದರೆಯಿದೆ. ಟವರ್ ಇರುತ್ತದೆ, ಆದರೆ ಲಕ್ಷಾಂತರ ಫೋನುಗಳು ಒಟ್ಟಿಗೆ ಅದನ್ನು ಹಿಡಿಯಲು ಹೋದಾಗ ಕರೆ ಸಿಗುವುದಿಲ್ಲ, ಲೈವ್ ಲೊಕೇಶನ್ ನಿಂತುಹೋಗುತ್ತದೆ. ಮನೆಯಲ್ಲಿ ಕೂತವರು "ಫೋನ್ ಹತ್ತವಲ್ದು" ಎಂದು ಗಾಬರಿಯಾಗುವುದು ಇದಕ್ಕೇ. ಕರೆ ಹೋಗದ ಕಡೆ ಸಾದಾ ಎಸ್‌ಎಂಎಸ್ ಹೋಗುವ ಸಾಧ್ಯತೆ ಹೆಚ್ಚು, ಏಕೆಂದರೆ ಅದಕ್ಕೆ ಬೇಕಾದ ಜಾಗ ಬಹಳ ಕಡಿಮೆ. ಆದ್ದರಿಂದ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಿ: ಸಂಜೆ 6ಕ್ಕೆ, ಕಾರ್ಯಕ್ರಮ ಮುಗಿದ ಮೇಲೆ, ಬೆಳಗ್ಗೆ 8ಕ್ಕೆ ಒಂದೊಂದು ಎಸ್‌ಎಂಎಸ್. ನಡುವೆ ಹತ್ತು ಸಲ ಕರೆ ಮಾಡಿ ಅವರ ಬ್ಯಾಟರಿ ಮುಗಿಸಬೇಡಿ. ಗೆಳೆಯರು ಚದುರಿದರೆ ಎಲ್ಲಿ ಸೇರಬೇಕು ಎಂಬುದಕ್ಕೆ ಫೋನಿಲ್ಲದೆ ಸಿಗುವ ಒಂದು ಜಾಗ ಇರಲಿ. ಮೂರು ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಈಗಿನ ಹುಡುಗರಿಗೆ ತಾಯಿಯ ನಂಬರೂ ಬಾಯಿಗೆ ಬರುವುದಿಲ್ಲ.

ತೀರ್ಪು: ಮೊದಲನೆಯದು ಸುಳ್ಳು, ಎರಡನೆಯದು ಅರ್ಧ ನಿಜ.

ಫಾರ್ವರ್ಡ್ 4: "ಡಿಜೆ ಸದ್ದಿಗೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡರೆ ಸಾಕು"

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎಂಬುದು ಕೆಲಸದ ಜಾಗಗಳಿಗೆ ಬಳಸುವ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ತಾಳುವ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹೀಗೇ ಇಳಿದು 100ಕ್ಕೆ ಬರುವಾಗ 15 ನಿಮಿಷ. ದೊಡ್ಡ ಸ್ಪೀಕರ್‌ಗಳ ಮುಂದೆ 100 ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಹಾಕಿಕೊಟ್ಟ ಮಿತಿಯೂ ಸರಾಸರಿ 100 ಡೆಸಿಬೆಲ್.

ಹತ್ತಿ ತಡೆಯುವುದು ಬಹಳ ಕಡಿಮೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಅದಕ್ಕಿಂತ ಎಷ್ಟೋ ವಾಸಿ. ಬೆರಳಲ್ಲಿ ಹೊಸೆದು ಒಳಗಿಟ್ಟು ಅದು ಉಬ್ಬುವವರೆಗೆ ಹಿಡಿದುಕೊಳ್ಳಬೇಕು. ಅದಕ್ಕಿಂತ ಸುಲಭದ ಉಪಾಯ ಸ್ಪೀಕರ್‌ನಿಂದ ದೂರ ನಿಲ್ಲುವುದು, ನಡುನಡುವೆ ಎದ್ದುಹೋಗಿ ಕಿವಿಗೆ ಬಿಡುವು ಕೊಡುವುದು. ಮನೆಗೆ ಬಂದ ಮೇಲೂ ಕಿವಿ ಗುಂಯ್‌ಗುಡುತ್ತಿದ್ದರೆ ಅದು ಕಿವಿ ಕೊಟ್ಟ ಎಚ್ಚರಿಕೆ. ಒಂದೆರಡು ದಿನದಲ್ಲಿ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ತೀರ್ಪು: ಸುಳ್ಳು.

ಫಾರ್ವರ್ಡ್ 5: "ಜೇಬಿನಲ್ಲಿ ಉಳ್ಳಾಗಡ್ಡಿ ಇದ್ದರೆ ಬಿಸಿಲು ಬಡಿಯಲ್ಲ"

ಇದನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದರು, ಹಾಗಾಗಿ ಬೇಸರದಿಂದಲೇ ಬರೆಯುತ್ತಿದ್ದೇನೆ. ಮೈ ತಣ್ಣಗಾಗುವುದು ಬೆವರು ಆರಿದಾಗ. ಜೇಬಿನಲ್ಲಿರುವ ಉಳ್ಳಾಗಡ್ಡಿ ಆ ಕೆಲಸ ಮಾಡುವುದಿಲ್ಲ. ಅದನ್ನು ರೊಟ್ಟಿಯ ಜತೆ ಕಡಿದು ತಿಂದರೆ ಕನಿಷ್ಠ ಹೊಟ್ಟೆಗಾದರೂ ಆಗುತ್ತದೆ.

ಫೆಬ್ರುವರಿ ಕೊನೆಗೆ ಹಂಪಿಯ ಬಂಡೆಗಳು ಮಧ್ಯಾಹ್ನ ಕಾದ ಹಂಚಿನಂತಿರುತ್ತವೆ. ಹಗಲೆಲ್ಲ ತಿರುಗಿ, ರಾತ್ರಿ ಕುಣಿದು, ಶೌಚಾಲಯದ ಸಾಲು ಉದ್ದ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವವರು ಬಹಳ, ಅದರಲ್ಲೂ ಹುಡುಗಿಯರು. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ಬ್ಯಾಗಿನಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಇರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಬಿಸಿಲಿನಲ್ಲಿ ಯಾರಾದರೂ ತಡಬಡಿಸಿ ಮಾತಾಡಿದರೆ, ಗೊಂದಲಗೊಂಡರೆ, ಕುಸಿದರೆ ನೆರಳಿಗೆ ತಂದು ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ತೀರ್ಪು: ಸುಳ್ಳು.

ಫಾರ್ವರ್ಡ್ 6: "ರಾತ್ರಿ ಬಯಲಿನ ಚಳಿಗೆ ಒಂದು ಪೆಗ್ ಔಷಧಿ"

ಇದನ್ನು ತಮಾಷೆಯಾಗಿ ಹಾಕಿದ್ದು ನಮ್ಮ ಮಾವಂದಿರೊಬ್ಬರು. ಮದ್ಯ ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಬಿಸಿ ರಕ್ತ ಮೇಲಕ್ಕೆ ಬರುತ್ತದೆ, ಆದ್ದರಿಂದ ಮೈ ಬೆಚ್ಚಗಾದಂತೆ ಅನ್ನಿಸುತ್ತದೆ. ನಿಜದಲ್ಲಿ ಆ ಬಿಸಿ ಹೊರಗೆ ಹೋಗಿ ಒಳಮೈ ತಣ್ಣಗಾಗುತ್ತದೆ. ಚಳಿಗೆ ಔಷಧಿ ಚಾದರ, ಟೊಪ್ಪಿಗೆ, ಒಣಗಿದ ಬಟ್ಟೆ.

ಆದರೆ ಮಕ್ಕಳ ಜತೆ ಮಾತಾಡಬೇಕಾದದ್ದು ಚಳಿಯ ಬಗ್ಗೆ ಅಲ್ಲ, ಗೆಳೆಯರ ಒತ್ತಾಯದ ಬಗ್ಗೆ. "ಕುಡಿದ್ರ ಕಾಲ್ ಮುರೀತೀನಿ" ಎಂದರೆ ಮಾತು ಅಲ್ಲಿಗೇ ಮುಗಿಯಿತು. ಗೆಳೆಯನೊಬ್ಬ ಕುಡಿದು ಎಚ್ಚರ ತಪ್ಪಿದರೆ ಏನು ಮಾಡುತ್ತೀ ಎಂದು ಕೇಳಿ. ಉತ್ತರ ಅವನಿಗೆ ಗೊತ್ತಿರಬೇಕು: ಅಂಗಾತ ಮಲಗಿಸದೆ ಒಂದು ಮಗ್ಗುಲಿಗೆ ಮಲಗಿಸುವುದು, ಇಲ್ಲದಿದ್ದರೆ ವಾಂತಿ ಉಸಿರಿನ ನಾಳಕ್ಕೆ ಹೋಗಬಹುದು, ಒಬ್ಬನನ್ನೇ ಬಿಟ್ಟುಹೋಗದಿರುವುದು, ಕರೆದರೆ ಏಳದಿದ್ದರೆ 108. ಇನ್ನು ದೊಡ್ಡವರಿಗೆ ಒಂದು ಮಾತು: 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬದವರಿಗೆ ಮದ್ಯ ಕೊಟ್ಟರೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಮಾವನ ಪೆಗ್ಗಿಗೂ ಇದು ಅನ್ವಯಿಸುತ್ತದೆ.

ತೀರ್ಪು: ಸುಳ್ಳು.

ಫಾರ್ವರ್ಡ್ 7: "ಮಲಗುವ ಜಾಗದ ಸುತ್ತ ಬೆಳ್ಳುಳ್ಳಿ, ಉಪ್ಪು ಹಾಕಿ, ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಿ"

ಬೆಳ್ಳುಳ್ಳಿಯ ಗೆರೆಯನ್ನು ಹಾವು ದಾಟುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ನೆಲದ ಮೇಲೆ ಮಲಗುವವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಕಟ್ಟುಹಾವಿಗೆ. ಅದು ರಾತ್ರಿ ಓಡಾಡುತ್ತದೆ, ಮಲಗಿದವರ ಹಾಸಿಗೆಗೆ ಬರುತ್ತದೆ, ಕಚ್ಚಿದರೆ ಹೆಚ್ಚು ನೋವೂ ಆಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣರೆಪ್ಪೆ ಜೋಲುವುದು, ನಾಲಿಗೆ ತೊದಲುವುದು ಕಂಡರೆ ಕಚ್ಚಿದ ಗುರುತು ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಕೆಲಸಕ್ಕೆ ಬರುವುದು ಸೊಳ್ಳೆ ಪರದೆ. ಅದರ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿದರೆ ಹಾವು, ಚೇಳು ಒಳಗೆ ಬರುವುದು ಕಷ್ಟ. ರಾತ್ರಿ ಎದ್ದರೆ ಟಾರ್ಚ್ ಇರಲಿ, ಬೆಳಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ, ತಿಂದು ಉಳಿದದ್ದನ್ನು ತಲೆದೆಸೆಯಲ್ಲಿ ಇಡಬೇಡಿ. ತಿನಿಸಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಎಲ್ಲವೂ ತಪ್ಪು. ಬಿಗಿದು ಕಟ್ಟಿದರೆ ರಕ್ತ ಹರಿಯದೆ ಕಾಲೇ ಹೋಗಬಹುದು. ಕಚ್ಚಿದ ಕೈಕಾಲನ್ನು ಮೂಳೆ ಮುರಿದಾಗ ಮಾಡುವಂತೆ ಅಲುಗಾಡದ ಹಾಗೆ ಇರಿಸಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಒಯ್ಯಿರಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕಕ್ಕೂ ಕೊಡುವ ಮದ್ದು ಒಂದೇ, ಹಾವನ್ನು ಹಿಡಿದು ಒಯ್ಯಬೇಕಿಲ್ಲ. 2000ದಿಂದ 2019ರ ನಡುವೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು.

ತೀರ್ಪು: ಎರಡೂ ಸುಳ್ಳು. ಎರಡನೆಯದು ಜೀವಕ್ಕೆ ಅಪಾಯ.

ಫಾರ್ವರ್ಡ್ 8: "ಈಜು ಬರುವ ಮಕ್ಕಳಿಗೆ ಹೊಳೆಯ ಭಯ ಬೇಡ"

ಬಾವಿಯಲ್ಲಿ ಈಜು ಕಲಿತವರಿಗೆ ಹೊಳೆ ಬೇರೆಯೇ. ಬಾವಿಯ ನೀರು ನಿಂತದ್ದು, ತುಂಗಭದ್ರೆಯ ನೀರು ಬಂಡೆಗಳ ನಡುವೆ ನುಗ್ಗುವಂಥದ್ದು. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ, ಸುಳಿ, ಬಂಡೆಯ ಸಂದುಗಳು ಇರುತ್ತವೆ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಬಂಡೆಯ ಮೇಲಿಂದ ಹೊಳೆಗೆ ಹಾರಿದ ಹೈದರಾಬಾದಿನ ಯುವ ವೈದ್ಯೆ ಸೆಳೆತಕ್ಕೆ ಸಿಕ್ಕಿ ತೀರಿಕೊಂಡರು. ಗೆಳೆಯರು ಮೇಲಿಂದ ಅದರ ವಿಡಿಯೊ ಮಾಡುತ್ತಿದ್ದರು. ಕಾಲುವೆ ಇನ್ನೂ ಕಷ್ಟದ್ದು: ಇಳಿಜಾರಿನ ದಂಡೆ ಪಾಚಿಗಟ್ಟಿರುತ್ತದೆ, ಹಿಡಿದು ಮೇಲೆ ಹತ್ತಲು ಏನೂ ಸಿಗುವುದಿಲ್ಲ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಟವೆಲ್, ಉದ್ದದ ಕೋಲು, ಮುಚ್ಚಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಹರಿಗೋಲು ಹತ್ತುವುದಾದರೆ ಲೈಫ್ ಜಾಕೆಟ್ ಇದ್ದರೆ ಮಾತ್ರ ಹತ್ತಿ.

ತೀರ್ಪು: ಸುಳ್ಳು.

ಹಾಗಾದರೆ ಹೆಣ್ಣುಮಕ್ಕಳನ್ನು ಕಳಿಸಲೇಬಾರದೇ?

ನಮ್ಮ ಗ್ರೂಪಿನಲ್ಲಿ ಹುಡುಗನ ಬಗ್ಗೆ ಎಂಟು ಫಾರ್ವರ್ಡ್ ಬಂದವು. ಅವನ ತರಗತಿಯ ಹುಡುಗಿಯರೂ ಹೋಗಲು ಆಸೆಪಟ್ಟಿದ್ದರು, ಅವರ ಮನೆಗಳಲ್ಲಿ ಚರ್ಚೆಯೇ ಆಗಲಿಲ್ಲ. ಕಾರಣ ಎಲ್ಲರಿಗೂ ಗೊತ್ತು. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತ, ಗಿಟಾರ್ ನುಡಿಸುತ್ತ ಕೂತಿದ್ದ ಐವರ ಮೇಲೆ ದಾಳಿ ನಡೆಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವಾಯಿತು, ಕಾಲುವೆಗೆ ತಳ್ಳಲ್ಪಟ್ಟ ಮೂವರು ಗಂಡಸರಲ್ಲಿ ಒಬ್ಬರು ಸತ್ತರು. ನಮ್ಮದೇ ಜಿಲ್ಲೆಯಲ್ಲಿ ನಡೆದ ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ.

ಆದರೆ ಅಲ್ಲಿ ತಪ್ಪು ಮಾಡಿದವರು ದಾಳಿ ಮಾಡಿದವರು, ಹೊರಗೆ ಕೂತವರಲ್ಲ. ಆ ಗುಂಪಿನಲ್ಲಿ ಗಂಡಸರೂ ಇದ್ದರು. ಹಾಗಾಗಿ ಜತೆಗೆ ಗಂಡಸರಿದ್ದರೆ ಸಾಕು ಎಂಬುದೂ, ಹುಡುಗರಾದರೆ ಭಯವಿಲ್ಲ ಎಂಬುದೂ ನಿಲ್ಲುವುದಿಲ್ಲ. ಇದರಿಂದ ತೆಗೆದುಕೊಳ್ಳಬಹುದಾದ ಎಚ್ಚರಿಕೆ ಹುಡುಗ, ಹುಡುಗಿ ಇಬ್ಬರಿಗೂ ಒಂದೇ: ರಾತ್ರಿ ಬೆಳಕು, ಜನ, ಪೊಲೀಸರು ಇರುವ ಕಡೆಯೇ ಇರಬೇಕು. ಕಾಲುವೆ ದಂಡೆ, ಹೊಳೆ ದಡ, ನಿರ್ಜನ ಬಂಡೆಗಳಿಗೆ ಕತ್ತಲಲ್ಲಿ ಹೋಗಬಾರದು. ಸೂರ್ಯೋದಯ ನೋಡಲು ಕತ್ತಲಲ್ಲೇ ಗುಡ್ಡ ಹತ್ತುವುದೂ ಬೇಡ, ಈ ಕಡೆಯ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ಉಳಿಯುವ ಜಾಗವನ್ನು ಹೋಗುವ ಮೊದಲೇ ಗೊತ್ತುಮಾಡಿ, ವಿಳಾಸ ಮನೆಯಲ್ಲಿ ಬರೆದಿಡಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181, 18 ತುಂಬದವರಿಗೆ 1098.

ಯಾವ ಫಾರ್ವರ್ಡ್‌ನಲ್ಲೂ ಇಲ್ಲದ ಅಪಾಯ

ಈಗ ಮೊದಲೇ ಹೇಳಿದ ವಿಷಯಕ್ಕೆ ಬರೋಣ. "ಹೋಗೋದು ಹೆಂಗಲೇ?" ಎಂದು ತಮ್ಮನನ್ನು ಕೇಳಿದೆ. "ಎರಡು ಗಾಡಿ ಅದಾವಲ್ಲಕ್ಕಾ, ತ್ರಿಬಲ್ ಹೊಂಟ್ರಾತು" ಎಂದ. ಐವರು, ಎರಡು ಬೈಕು. ಲೈಸೆನ್ಸ್ ಒಬ್ಬನಿಗೂ ಇಲ್ಲ. ಕಾರ್ಯಕ್ರಮ ಮುಗಿಸಿ ರಾತ್ರಿಯೇ ಹೊರಟರೂ ಹೊರಟೇವು ಎಂಬ ಯೋಚನೆ ಬೇರೆ. ಮನೆಯಲ್ಲಿ ಯಾರೂ ಇದಕ್ಕೆ ಹುಬ್ಬು ಕೂಡ ಏರಿಸಿರಲಿಲ್ಲ. ಹಾವಿಗೆ, ಕಳ್ಳರಿಗೆ ಹೆದರಿದ್ದ ಚಿಗವ್ವನಿಗೂ ಬೈಕು ಅಪಾಯ ಅನ್ನಿಸಿರಲಿಲ್ಲ, ಏಕೆಂದರೆ ಅದು ದಿನಾ ಮನೆಯ ಮುಂದೆ ನಿಂತಿರುತ್ತದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇದಕ್ಕೆ ನಿದ್ದೆಗೇಡು ಸೇರಿದರೆ ಅಪಾಯ ಇನ್ನೂ ಹೆಚ್ಚು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ಮದ್ಯ ಕುಡಿದು ರಕ್ತದಲ್ಲಿ ಅದರ ಪ್ರಮಾಣ ನೂರಕ್ಕೆ 0.05 ಇರುವವರಷ್ಟೇ ಕುಂದಿರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ಕುಡಿದು ಓಡಿಸುವುದಕ್ಕೆ ಇರುವ ಮಿತಿ ನೂರಕ್ಕೆ 0.03. ಬೆಳಗ್ಗೆ 7ಕ್ಕೆ ಎದ್ದ ಹುಡುಗ ರಾತ್ರಿ 12ಕ್ಕೆ ಬೈಕ್ ಹತ್ತಿದರೆ, ಒಂದು ಹನಿ ಕುಡಿಯದೆಯೂ ಆ ಸ್ಥಿತಿಯಲ್ಲೇ ಹೆದ್ದಾರಿಗೆ ಇಳಿಯುತ್ತಾನೆ.

ಕಾನೂನೂ ಇದೆ. 2019ರ ತಿದ್ದುಪಡಿಯ ಪ್ರಕಾರ 18 ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿಯೂ 12 ತಿಂಗಳು ರದ್ದು.

ಯಲಬುರ್ಗಾದಿಂದ ಕೊಪ್ಪಳಕ್ಕೆ, ಅಲ್ಲಿಂದ ಹೊಸಪೇಟೆಗೆ ಸರ್ಕಾರಿ ಬಸ್ಸುಗಳಿವೆ. ನಮ್ಮ ಮನೆಯಲ್ಲಿ ಕೊನೆಗೆ ಹಾಕಿದ ಒಂದೇ ಕಟ್ಟುನಿಟ್ಟಿನ ಷರತ್ತು ಇದು: ಹೋಗುವುದೂ ಬಸ್ಸಿಗೆ, ಬರುವುದೂ ಬಸ್ಸಿಗೆ, ಅದೂ ನಿದ್ದೆ ಮಾಡಿ ಎದ್ದ ಮೇಲೆ.

ಬ್ಯಾಗಿಗಿಂತ ಮುಖ್ಯವಾದ ಒಪ್ಪಂದ

ನನಗೆ 16 ವರ್ಷವಿದ್ದಾಗ ಒಂದು ಜಾತ್ರೆಯಲ್ಲಿ ಗೆಳತಿಯರಿಂದ ತಪ್ಪಿಸಿಕೊಂಡೆ. ಫೋನ್ ಸತ್ತಿತ್ತು. ಪಕ್ಕದ ಅಂಗಡಿಯವರು ತಮ್ಮ ಫೋನ್ ಕೊಡಲು ಬಂದರು, ಅಪ್ಪನ ನಂಬರೂ ಬಾಯಿಗೆ ಬರುತ್ತಿತ್ತು. ಆದರೂ ಕರೆ ಮಾಡಲಿಲ್ಲ. "ಹೇಳಿರ್ಲಿಲ್ಲೇನು, ಇದಕ್ಕs ಬ್ಯಾಡ ಅಂದಿದ್ದೆ" ಎಂಬ ಬೈಗುಳ ನೆನೆದು ಬೆಳಗಿನವರೆಗೆ ಬಳೆ ಅಂಗಡಿಯ ಪಕ್ಕ ಕೂತೆ. ಏನೂ ಆಗಲಿಲ್ಲ, ಅದು ನನ್ನ ಅದೃಷ್ಟ. ಅಂದು ನನ್ನನ್ನು ಅಪಾಯದಲ್ಲಿ ಇಟ್ಟದ್ದು ಜಾತ್ರೆಯಲ್ಲ, ಮನೆಗೆ ಫೋನ್ ಮಾಡಲು ಇದ್ದ ಭಯ.

ಅದಕ್ಕೇ ಕಾಕಾ, ಚಿಗವ್ವ, ತಮ್ಮ ಮೂವರನ್ನೂ ಕೂರಿಸಿ ಒಂದು ಮಾತಿಗೆ ಒಪ್ಪಿಸಿದೆ. ರಾತ್ರಿ ಎಷ್ಟೇ ಹೊತ್ತಾಗಲಿ, ತಪ್ಪು ಯಾರದ್ದೇ ಇರಲಿ, ಅವನು ಫೋನ್ ಮಾಡಿದರೆ ಮೊದಲ ಪ್ರಶ್ನೆ "ಎಲ್ಲದಿ, ಹುಷಾರದಿಯಿಲ್ಲೋ?" ಎಂಬುದೇ ಆಗಿರಬೇಕು. ಬೈಯುವುದು, ಕೇಳುವುದು ಎಲ್ಲ ಮನೆಗೆ ಬಂದ ಮರುದಿನ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು ಬಿಡು" ಎಂದರು.

ತಮ್ಮ ಹೋಗಿ ಬಂದ. ಎರಡನೆಯ ರಾತ್ರಿ ಒಂದೂವರೆಗೆ ಕಾಕಾನ ಫೋನ್ ಬಾರಿಸಿತು. ಗೆಳೆಯನೊಬ್ಬನಿಗೆ ವಾಂತಿ ನಿಲ್ಲುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ. ಕಾಕಾ ಬೈಯಲಿಲ್ಲ. ಅಲ್ಲಿದ್ದ ಆರೋಗ್ಯ ಸಿಬ್ಬಂದಿಯ ಹತ್ತಿರ ಕರೆದುಕೊಂಡು ಹೋಗು ಎಂದು ಹೇಳಿ, ಅವರು ಅಲ್ಲಿ ತಲುಪುವವರೆಗೆ ಫೋನ್ ಇಡಲಿಲ್ಲ. ಆ ಹುಡುಗ ಬೆಳಗ್ಗೆ ಹೊತ್ತಿಗೆ ಸುಧಾರಿಸಿಕೊಂಡ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಉತ್ಸವಕ್ಕೆ, ಜಾತ್ರೆಗೆ ಮಕ್ಕಳು ಹೊರಟಿದ್ದಾರೆಯೇ?
1. ಹೋಗುವುದು, ಬರುವುದು ಬಸ್ಸಿಗೆ. ನಿದ್ದೆಗೆಟ್ಟು ಬೈಕ್ ಬೇಡ.
2. ಉಳಿಯುವ ಜಾಗ ಮೊದಲೇ ಗೊತ್ತುಮಾಡಿ, ವಿಳಾಸ ಮನೆಯಲ್ಲಿ ಇರಲಿ.
3. ನಂಬರುಗಳು ಕಾಗದದಲ್ಲಿ. ದಿನಕ್ಕೆ ಮೂರು ಎಸ್‌ಎಂಎಸ್.
4. ವೇದಿಕೆಯ ಬದಿಗೆ ನಿಲ್ಲಿ. ನಾಲ್ಕೂ ಕಡೆ ಮೈ ತಾಗಿದರೆ ಕೂಡಲೇ ಹೊರಗೆ ಬನ್ನಿ.
5. ಕತ್ತಲಲ್ಲಿ ಹೊಳೆ, ಕಾಲುವೆ, ಗುಡ್ಡ ಬೇಡ.
6. ಬ್ಯಾಗಿನಲ್ಲಿ: ನೀರು, ಓಆರ್‌ಎಸ್, ಟಾರ್ಚ್, ಸೊಳ್ಳೆ ಪರದೆ, ಚಾದರ, ಇಯರ್‌ಪ್ಲಗ್, ಪವರ್ ಬ್ಯಾಂಕ್.
7. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಮಕ್ಕಳಿಗೆ 1098.
8. ಮಕ್ಕಳು ರಾತ್ರಿ ಫೋನ್ ಮಾಡಿದರೆ ಮೊದಲು ಸಹಾಯ ಮಾಡಿ. ಬೈಯುವುದು ನಾಳೆ.